ಕಾಶಿಯಲ್ಲಿ ಬಿಟ್ಟ ಡ್ರಾಗನ್ ಹಣ್ಣು

ಕಾಶಿಗೆ ಹೋದವರು ತಮಗೆ ಇಷ್ಟವಾದ ಹಣ್ಣೊಂದನ್ನು ಗಂಗೆಯ ಮುಂದೆ ನಿಂತು ಜನ್ಮವಿಡೀ ಬಿಟ್ಟುಬರಬೇಕು ಎಂಬ ಪದ್ಧತಿಯನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರು ಆದೋನಿಯ ಹಗ್ಗದಂಗಡಿ ಉಚ್ಚೀರಪ್ಪನನ್ನು ಕಂಡವರಲ್ಲ. ಕಂಡಿದ್ದರೆ ಆ ಪದ್ಧತಿಗೆ ಇನ್ನೂ ನಾಲ್ಕು ಕಟ್ಟುಪಾಡು ಹಾಕಿ ಬಿಗಿ ಮಾಡುತ್ತಿದ್ದರು.

ಉಚ್ಚೀರಪ್ಪ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂಗುದಾರ, ತೊಟ್ಟಿಲ ಹಗ್ಗ, ಕುರಿಹಟ್ಟಿಯ ಬಲೆ ಮಾರಿಕೊಂಡು, ಅಳೆಯುವಾಗ ಗೇಣುದ್ದ ಹೆಚ್ಚೇ ಬಿಟ್ಟು ಕತ್ತರಿಸುವ ಮನುಷ್ಯ. ದೇವರೆಂದರೆ ಭಯ, ಹೆಂಡತಿ ಹುಲುಗಮ್ಮ ಎಂದರೆ ಅದಕ್ಕಿಂತ ತುಸು ಹೆಚ್ಚು ಭಯ, ಮಗಳು ನಾಗಜ್ಯೋತಿ ಎಂದರೆ ಪ್ರಾಣ. ಅವನಲ್ಲಿದ್ದ ಒಂದೇ ಒಂದು ದೌರ್ಬಲ್ಯವೆಂದರೆ ಬೇನಿಷಾ ಮಾವಿನಹಣ್ಣು. ಯುಗಾದಿ ಕಳೆದ ಮೇಲೆ ಮಳೆ ಬೀಳುವ ತನಕ ಅವನ ಮೀಸೆಯಲ್ಲಿ ಮಾವಿನ ವಾಸನೆ ಇರುತ್ತಿತ್ತು. ಎರಡು ಸಲ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ.

ಇಂಥವನನ್ನು ಮಾಘ ಮಾಸದಲ್ಲಿ ಓಣಿಯವರೆಲ್ಲ ಸೇರಿ ಮಾಡಿದ ಯಾತ್ರೆಯ ಬಸ್ಸಿನಲ್ಲಿ ಹುಲುಗಮ್ಮ ಕಾಶಿಗೆ ಎಳೆದುಕೊಂಡು ಹೋದಳು. ಘಾಟಿನ ಮೆಟ್ಟಿಲ ಮೇಲೆ ಅಲ್ಲಿಯ ಪುರೋಹಿತ ಪಂಡಾ ಒಬ್ಬೊಬ್ಬರ ಬೊಗಸೆಗೂ ನೀರು ಹಾಕಿ "ಕ್ಯಾ ಛೋಡೋಗೆ?" ಎಂದು, ಏನು ಬಿಡುತ್ತೀರೆಂದು, ಹಿಂದಿಯಲ್ಲಿ ಕೇಳುತ್ತಿದ್ದ. ಹುಲುಗಮ್ಮ ಹಿಂದೆಮುಂದೆ ನೋಡದೆ ಸೀತಾಫಲ ಬಿಟ್ಟಳು. ಅವಳಿಗೆ ಅದು ಪಂಚಪ್ರಾಣ. ಮುಂದಿನ ಸರದಿ ಗಂಡನದು. ಗಂಗೆಯ ಗಾಳಿ ತಣ್ಣಗೆ ಬೀಸುತ್ತಿದ್ದರೂ ಉಚ್ಚೀರಪ್ಪನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಮಾವು ಬಿಡುವ ಮಾತೇ ಇಲ್ಲ. ಬಾಳೆಹಣ್ಣು ಬಿಟ್ಟರೆ ಊಟ ಮುಗಿದಂತೆ ಅನಿಸುವುದಿಲ್ಲ. ಪೇರಲ ಬಿಟ್ಟರೆ ಉಪ್ಪುಖಾರ ಹಚ್ಚಿ ತಿನ್ನುವುದು ಏನನ್ನು? ಅವನು ದೇವರೇ ಎಂದು ತಲೆಯೆತ್ತಿದ. ದೇವರು ಕೈಬಿಡಲಿಲ್ಲ. ಮೆಟ್ಟಿಲ ಮೇಲಿನ ಜ್ಯೂಸ್ ಅಂಗಡಿಯ ಗೋಡೆಯ ತುಂಬ ದೇಶವಿದೇಶದ ಹಣ್ಣುಗಳ ಚಿತ್ರ ಬರೆಸಿದ್ದರು. ಅವುಗಳಲ್ಲಿ ಅರ್ಧಕ್ಕರ್ಧ ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ.

ಹಿಂದೆ ನಿಂತಿದ್ದವನು ನಿವೃತ್ತ ಬಸ್ ಕಂಡಕ್ಟರ್ ಜಂಬುನಾಥ. ಇಂಗ್ಲಿಷ್ ಅಕ್ಷರ ಓದಬಲ್ಲವನು.

"ಜಂಬಣ್ಣ, ಆ ಕೆಂಪುಂದು, ಮೈತುಂಬ ಹಸರು ನಾಲಿಗಿ ಚಾಚ್ಕೊಂಡು ಕುಂತೈತಲ್ಲ, ಏನದು?"

"ಡ್ರಾಗನ್ ಫ್ರೂಟ್ ಅಂತ ಬರದಾರ."

"ನಮ್ಮ ಆದೋನ್ಯಾಗ ಸಿಗತೈತೇನು?"

"ನಮ್ಮ ಆದೋನ್ಯಾಗ? ನೆಟ್ಟಗ ಸೇಬು ಸಿಗಂಗಿಲ್ಲ, ಇದೆಲ್ಲಿ ಸಿಗತೈತಿ ಮಾರಾಯ."

ಇಷ್ಟು ಸಾಕಾಯಿತು. ಉಚ್ಚೀರಪ್ಪ ಬೊಗಸೆಯನ್ನು ಎದೆಯ ಮಟ್ಟಕ್ಕೆತ್ತಿ ಘಾಟು ನಡುಗುವಂತೆ ಕೂಗಿದ. "ಡ್ರಾಗನ್ ಫ್ರೂಟ್ ಬಿಟ್ಟೆ!" ಕೊಡುವುದು ಹೇಗೂ ಸುಲಭ ಎಂದು ಗೊತ್ತಾದ ಮೇಲೆ ಮನುಷ್ಯನಿಗೆ ಔದಾರ್ಯ ಉಕ್ಕುತ್ತದೆ. "ಬರೇ ಹಣ್ಣಲ್ಲ ಮಹಾರಾಜ್, ಅದರ ಜ್ಯೂಸ್ ಬಿಟ್ಟೆ, ಐಸ್‌ಕ್ರೀಂ ಬಿಟ್ಟೆ, ಜಾಮ್ ಬಿಟ್ಟೆ! ಯಾವ ಬಣ್ಣದ್ದು ಬಂದ್ರೂ ಬಿಟ್ಟೆ! ಔಷಧಕ್ಕ ಕೊಟ್ರೂ ತಿನ್ನಂಗಿಲ್ಲ!"

ಪಂಡಾನಿಗೆ ಕನ್ನಡ ಬರುತ್ತಿರಲಿಲ್ಲ. ಇಷ್ಟುದ್ದದ ತ್ಯಾಗವನ್ನು ಅವನು ಬಹಳ ದಿನದಿಂದ ಕೇಳಿರಲಿಲ್ಲವೆಂದು ಕಾಣುತ್ತದೆ, ತಲೆ ಮುಟ್ಟಿ ವಿಶೇಷ ಆಶೀರ್ವಾದ ಮಾಡಿದ. ಸಾಲಿನಲ್ಲಿದ್ದ ಆದೋನಿಯವರಿಗೆಲ್ಲ ಜ್ಞಾನೋದಯವಾದದ್ದು ಆಗಲೇ. ಜಂಬುನಾಥ ಕಿವಿ ಹಣ್ಣು ಬಿಟ್ಟ. ಹಿಟ್ಟಿನ ಗಿರಣಿ ಮಾರೆಮ್ಮ, ಮೈಮೇಲೆ ಕೂದಲಿದ್ದದ್ದನ್ನು ತಿನ್ನುವವರಾದರೂ ಯಾರು ಎಂದು ರಂಬುಟಾನ್ ಬಿಟ್ಟಳು. ಹೀಗೆ ಬೇರೆಬೇರೆ ದೇಶಗಳ ಹಣ್ಣುಗಳೆಲ್ಲ ಒಂದೇ ಬೆಳಗಿನಲ್ಲಿ ಆದೋನಿಯವರಿಂದ ಪಾರಾದವು.

ಊರಿಗೆ ಬಂದು ಕಾಶಿ ಸಮಾರಾಧನೆಯ ಊಟ ಹಾಕಿಸಿದ ದಿನ ಪಕ್ಕದ ಮನೆ ಉಚ್ಚಮ್ಮ ಕೇಳಿಯೇಬಿಟ್ಟಳು. "ಅಣ್ಣಾ, ನೀನೇನು ಬಿಟ್ಟಿ? ಮಾವಿನಹಣ್ಣೇನು?"

"ಮಾವಿನಹಣ್ಣು ಎಲ್ಲಾರೂ ಬಿಡತಾರಮ್ಮ" ಎಂದ ಉಚ್ಚೀರಪ್ಪ, ದೂರ ನೋಡುತ್ತ. "ನಾನು ಡ್ರಾಗನ್ ಬಿಟ್ಟೆ."

"ಅದನ್ನ ತಿಂದೀಯೇನು ನೀನು?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಂಕ್ತಿಯಲ್ಲಿ ಕೂತವರೆಲ್ಲ ತುತ್ತು ಹಿಡಿದು ಅವನ ಕಡೆಗೇ ನೋಡುತ್ತಿದ್ದರು. "ತಿನ್ನಲಾರದs ಬಿಟ್ಟೀನೇನು? ಏನು ರುಚಿ, ಏನು ರುಚಿ! ಬೇನಿಷಾ ಅದರ ಕಾಲಾಗ ಬೀಳಬೇಕು" ಎಂದು ಕಣ್ಣೊರೆಸಿಕೊಂಡ. ಹುಲುಗಮ್ಮ ಸಾರಿನ ಸೌಟು ಹಿಡಿದುಕೊಂಡು ಗಂಡನನ್ನು ಒಮ್ಮೆ ನೋಡಿ ಮುಂದಿನ ಎಲೆಗೆ ಹೋದಳು.

ತ್ಯಾಗಿಗಳಲ್ಲಿ ಮೊದಲು ಸಿಕ್ಕಿಬಿದ್ದವನು ಜಂಬುನಾಥ. ಬೇಸಿಗೆಯ ನಡುವೆ ಅವನಿಗೆ ಜ್ವರ ಬಂತು. ಕಿವಿ ಹಣ್ಣು ತಿಂದರೆ ಜ್ವರದಲ್ಲಿ ಕಡಿಮೆಯಾದ ರಕ್ತ ಏರುತ್ತದೆ ಎಂದು ಯಾರೋ ಫೋನಿನಲ್ಲಿ ಎಲ್ಲರಿಗೂ ಕಳಿಸಿದ್ದರು. ಅದೇ ತಿಂಗಳು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ತೆರೆದ ಗಾಜಿನ ಹಣ್ಣಂಗಡಿಯಲ್ಲಿ ಕಿವಿ ಸಾಲುಸಾಲಾಗಿ ಕೂತಿತ್ತು. ನೋಡಲು ಬಂದವರೆಲ್ಲ ಅದನ್ನೇ ತಂದರು. ಜಂಬುನಾಥ ತುಟಿ ಬಿಗಿದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ಅವನ ಸೊಸೆ "ಮಾವಾರಿಗೆ ಬುದ್ಧಿಗೇನೋ ಆಗೈತಿ" ಎಂದು ಅತ್ತಳು. ಜ್ವರ ತಾನಾಗಿಯೇ ಬಿಟ್ಟಿತು, ನಾಚಿಕೆ ಬಿಡಲಿಲ್ಲ.

"ಉಚ್ಚೀರಪ್ಪ, ಕಾಲ ಸರಿ ಇಲ್ಲ" ಎಂದ ಜಂಬುನಾಥ, ಕೋಲೂರಿಕೊಂಡು ಅಂಗಡಿಗೆ ಬಂದು. "ಲೋಕದಾಗಿನ ಹಣ್ಣೆಲ್ಲಾ ಆದೋನಿ ಕಡೀಗೆ ಮುಖಾ ಮಾಡ್ಯಾವ."

"ನಂದು ಬರಂಗಿಲ್ಲ ಬಿಡೋ" ಎಂದ ಉಚ್ಚೀರಪ್ಪ, ಮಾವಿನ ಗೊರಟೆ ಚೀಪುತ್ತ.

ಆಗಲೇ ನಾಗಜ್ಯೋತಿಗೆ ಸಂಬಂಧ ಕೂಡಿಬಂದದ್ದು. ಹುಡುಗಿ ಖಾಸಗಿ ಶಾಲೆಯಲ್ಲಿ ಟೀಚರ್. ಹುಡುಗ ಗೋವಿಂದ, ಹಾಲಹರವಿ ಕಡೆಯ ಹೊನ್ನೂರಪ್ಪನ ಮಗ, ಬೋರಿನ ಮೋಟಾರು ರಿಪೇರಿ ಮಾಡುವವನು. ನೋಡಲು ಬಂದ ದಿನ ಚಹಾದ ಲೋಟ ಇಸಕೊಳ್ಳುವಾಗ ಅವನ ಕೈ ನಡುಗಿ ಅರ್ಧ ಚಹಾ ಅವನ ಅಂಗಿಯ ಮೇಲೆಯೇ ಬಿತ್ತು. ಅಷ್ಟಕ್ಕೇ ನಾಗಜ್ಯೋತಿಗೆ ಹುಡುಗ ಒಪ್ಪಿಗೆಯಾದ. ಇದಕ್ಕೂ ಮುಂಚೆ ಬಂದಿದ್ದ ವರಗಳನ್ನೆಲ್ಲ ಒಲ್ಲೆ ಒಲ್ಲೆ ಎಂದವಳು ಈ ಸಲ ನಕ್ಕು ಒಳಗೆ ಹೋಗಿದ್ದನ್ನು ಕಂಡು ಹುಲುಗಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಉಚ್ಚೀರಪ್ಪನಿಗೆ ಮಾತ್ರ ಸಂಬಂಧ ತಂದವರ ಒಂದೇ ಮಾತು ಹಿಡಿಸಿತ್ತು. ಬೀಗರಿಗೆ ಹಣ್ಣಿನ ತೋಟ ಇದೆ! ಹಣ್ಣೆಂದರೆ ಅವನ ಲೆಕ್ಕದಲ್ಲಿ ಮಾವು. ಬೀಗರ ಊರಿಗೆ ಹೋದಾಗ ತೋಟ ನೋಡೋಣ ಎಂದು ಬಾಯಿಬಿಟ್ಟು ಕೇಳಿಯೂ ಇದ್ದ.

"ಈಗಲ್ರಿ ಬೀಗರ" ಎಂದಿದ್ದ ಹೊನ್ನೂರಪ್ಪ. "ಹಣ್ಣು ಕೈಗೆ ಬರೋತನಕ ನಾ ಯಾರಿಗೂ ತೋರಸಂಗಿಲ್ಲ. ಊರ ಮಂದಿ ನಕ್ಕು ನಕ್ಕು ನನ್ನ ಬಾಳೇ ಸುಟ್ಟಾರ. ಒಪ್ಪಂದದ ದಿನ ಮೊದಲನೇ ಹಣ್ಣು ನಾನs ಹೊತ್ಕೊಂಡು ಬರತೀನಿ."

ಮಾವು ಹಾಕಿದವನನ್ನು ನೋಡಿ ಊರು ಯಾಕೆ ನಗುತ್ತದೆ ಎಂದು ಉಚ್ಚೀರಪ್ಪ ಕೇಳಬೇಕಾಗಿತ್ತು. ಕೇಳಲಿಲ್ಲ. ಅವನ ಬಾಯಲ್ಲಿ ಆಗಲೇ ನೀರೂರಿತ್ತು.

ಒಪ್ಪಂದದ ದಿನ ಉಚ್ಚೀರಪ್ಪನ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ನಮ್ಮ ಕಡೆ ಒಪ್ಪಂದವೆಂದರೆ ಉಂಗುರವಲ್ಲ, ಬಾಯಿ. ಹಿರಿಯರ ಎದುರಿಗೆ ಇಬ್ಬರು ಬೀಗರು ಒಬ್ಬರಿಗೊಬ್ಬರು ಬಾಯಿಗೆ ಸಿಹಿ ಇಡಬೇಕು. ಇಟ್ಟರೆ ಸಂಬಂಧ ಆಯಿತು. ಇಡದಿದ್ದರೆ ಯಾರೂ ಊಟಕ್ಕೆ ಏಳುವಂತಿಲ್ಲ, ಬಂದವರು ಬಂದ ಹಾಗೆ ಹೋಗಬೇಕು. ಶಾಸ್ತ್ರ ಹೇಳಲು ಮಲ್ಲಯ್ಯಸ್ವಾಮಿ ನಡುವೆ ಕೂತಿದ್ದರು. ಹುಲುಗಮ್ಮ ಸಕ್ಕರೆಯ ತಟ್ಟೆ ತಂದಿಟ್ಟಳು.

"ಸಕ್ಕರಿ ತಗೀರಿ ತಂಗಿ" ಎಂದ ಹೊನ್ನೂರಪ್ಪ. ಅವನ ಮುಂದೆ ಹೊಸ ಟವೆಲು ಮುಚ್ಚಿದ ಬುಟ್ಟಿ ಇತ್ತು. ಪಕ್ಕದಲ್ಲಿ ತೋಟಗಾರಿಕೆ ಇಲಾಖೆಯ ಅಧಿಕಾರಿ ಫೋಟೋ ತೆಗೆಯಲು ಫೋನು ಹಿಡಿದು ಕೂತಿದ್ದರು. "ಸಕ್ಕರಿ ಎಲ್ಲಾರೂ ಇಡತಾರ. ಇದು ನಮ್ಮ ಹೊಲದ ಮೊದಲನೇ ಹಣ್ಣು. ಮೊದಲನೇ ಹೋಳು ನಮ್ಮ ಬೀಗರ ಬಾಯಿಗೆ ಅಂತ ಹರಕಿ ಕಟ್ಟೀನಿ."

ಉಚ್ಚೀರಪ್ಪ ಮೀಸೆ ಸರಿಮಾಡಿಕೊಂಡು ಮುಂದಕ್ಕೆ ಬಾಗಿದ. ಹೊನ್ನೂರಪ್ಪ ಟವೆಲು ಎತ್ತಿದ.

ಬುಟ್ಟಿಯ ತುಂಬ ಕೆಂಪಗೆ, ಮೈತುಂಬ ಹಸಿರು ನಾಲಗೆ ಚಾಚಿಕೊಂಡು, ಗಂಗಾತೀರದ ಗೋಡೆಯಿಂದ ಎದ್ದು ಬಂದಂತೆ ಅವು ಕೂತಿದ್ದವು.

"ಅಯ್ಯಯ್ಯೋ!" ಎಂದ ಉಚ್ಚೀರಪ್ಪ. ಹಿಂದಿನ ಸಾಲಿನಿಂದ ಜಂಬುನಾಥ "ಬಂತಪ್ಪ!" ಎಂದದ್ದು ಎಲ್ಲರಿಗೂ ಕೇಳಿಸಿತು.

ಹೊನ್ನೂರಪ್ಪ ಹಣ್ಣು ಸೀಳಿ ಹೋಳು ಎತ್ತಿ ಬೀಗನ ಬಾಯಿಯ ಹತ್ತಿರ ತಂದ. ಬೀಗ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅಧಿಕಾರಿ ಇದೇ ಒಳ್ಳೆಯ ಸಮಯವೆಂದು ಫೋಟೋ ಹೊಡೆದರು.

"ಯಾಕ್ರಿ ಬೀಗರ?"

"ನಾ... ಇದನ್ನ ಕಾಶ್ಯಾಗ ಬಿಟ್ಟೀನ್ರಿ" ಎಂದ ಉಚ್ಚೀರಪ್ಪ, ಬೆರಳ ಸಂದಿಯಿಂದ.

ಹೊನ್ನೂರಪ್ಪನ ಮುಖ ಇಳಿಯಿತು. "ಈ ಸೀಮಿಯಾಗ ಈ ಹಣ್ಣು ಬೆಳದವನು ನಾನೊಬ್ನs. ಅದೂ ಹೋದ ವಾರ ಕೈಗೆ ಬಂದೈತಿ. ನೀವು ಕಾಶಿಗೆ ಹೋದದ್ದು ಮಾಘದಾಗ. ತಿಂದಿಲ್ಲದ ಹಣ್ಣು ಹೆಂಗ ಬಿಟ್ರಿ?"

"ತಿಂದಾನ್ರಿ!" ಉಚ್ಚಮ್ಮನಿಗೆ ಪಕ್ಕದ ಮನೆಯವನನ್ನು ಉಳಿಸುವ ಆಸೆ. "ಬೇನಿಷಾ ಇದರ ಕಾಲಾಗ ಬೀಳಬೇಕು ಅಂತ ಅತ್ಕೊಂತ ಹೇಳ್ಯಾನ. ನಾ ಸಾಕ್ಷಿ."

"ಹೌದಾ?" ಹೊನ್ನೂರಪ್ಪ ಹೋಳನ್ನು ತಟ್ಟೆಗೆ ಹಾಕಿ ಟವೆಲು ಮುಚ್ಚಿದ. "ಹಂಗಾದ್ರ ಹೇಳ್ರಿ. ಒಳಗ ಗೊರಟಿ ಎಷ್ಟು ದೊಡ್ಡದು?"

ಉಚ್ಚೀರಪ್ಪ ಜಂಬುನಾಥನನ್ನು ನೋಡಿದ. ಜಂಬುನಾಥ ಜಂತಿ ನೋಡಿದ. ಇಷ್ಟು ದೊಡ್ಡ ಹಣ್ಣಿಗೆ ಒಂದು ಮರ್ಯಾದಸ್ಥ ಗೊರಟೆ ಇರಲೇಬೇಕೆಂದು ಉಚ್ಚೀರಪ್ಪ ತೀರ್ಮಾನ ಮಾಡಿದ.

"ಒಂದು... ನಿಂಬಿಹಣ್ಣಿನಷ್ಟು."

"ಏಮಂಡೀ!" ಎಂದರು ಅಧಿಕಾರಿ, ಕನ್ನಡಕ್ಕೆ ತೆಲುಗು ಬೆರೆಸಿ. "ಗೊರಟೇ ಇರಲ್ಲಂಡಿ! ಎಳ್ಳು ಚೆಲ್ಲಿದಂಗ ಸಣ್ಣ ಬೀಜ ಇರತಾವ. ಹಂಗs ತಿನ್ನಬಹುದಂಡಿ!"

ಹೊನ್ನೂರಪ್ಪ ಎದ್ದು ನಿಂತ. ಸಿಟ್ಟಿಗಿಂತ ಅವನ ದನಿಯಲ್ಲಿ ಇದ್ದದ್ದು ಸಂಕಟ. "ಗೊತ್ತಾತು ಬಿಡ್ರಿ, ಉಚ್ಚೀರಪ್ಪನವರ. ಇದರ ಗಿಡ ಕಳ್ಳಿ ಇದ್ದಂಗ ಇರತೈತಿ, ಹೊಲದಾಗ ಕಳ್ಳಿ ನೆಟ್ಟಾನ ಅಂತ ಊರಾಗ ನನ್ನ ಕಳ್ಳಿ ಹೊನ್ನೂರ ಅಂತ ಕರೀತಾರ. ನಮ್ಮಣ್ಣನ ಮನಿಯವ್ರು ಸುದ್ದಾ ಆ ಹಣ್ಣು ಬಾಯಿಗಿಡಂಗಿಲ್ಲ ಅಂದಾರ. ನೀವೂ ಅದs ಮಂದಿ. ನೇರ ಹೇಳಿದ್ರ ನಡೀತಿತ್ತು, ದೇವರ ಹೆಸರು ಯಾಕ ತಂದ್ರಿ?" 'ಬೀಗರು' ಎಂಬ ಮಾತು ಹೋಗಿ 'ಉಚ್ಚೀರಪ್ಪನವರು' ಬಂದದ್ದನ್ನು ಕೇಳಿ ಹುಲುಗಮ್ಮ ಗೋಡೆ ಹಿಡಿದುಕೊಂಡಳು. ಗೋವಿಂದ ಅಪ್ಪನ ತೋಳು ಹಿಡಿದು ಕೂಡ್ರಿಸಲು ನೋಡಿದ, ಅಪ್ಪ ಕೂಡ್ರಲಿಲ್ಲ.

ಎಲ್ಲರೂ ಮಲ್ಲಯ್ಯಸ್ವಾಮಿಗಳ ಕಡೆ ತಿರುಗಿದರು. ತಿಂದಿಲ್ಲದ ಹಣ್ಣನ್ನು ಬಿಟ್ಟರೆ ಬಿಟ್ಟಂತೆಯೋ, ಬಿಡದಂತೆಯೋ? ಸ್ವಾಮಿಗಳು ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. "ಇದು ಬಹಳ ಸೂಕ್ಷ್ಮದ ವಿಚಾರ" ಎಂದರು.

"ಸ್ವಾಮಿಗಳೂ ನಮ್ಮ ಬಸ್ಸಿನಾಗs ಬಂದಿದ್ರಲ್ಲ" ಎಂದಳು ಮಾರೆಮ್ಮ. "ತಾವೇನು ಬಿಟ್ರಿ ಸ್ವಾಮಿ?"

ಸ್ವಾಮಿಗಳು ವಿಭೂತಿ ಸರಿಮಾಡಿಕೊಂಡರು. "ಮ್ಯಾಂಗೋಸ್ಟೀನ್" ಎಂದರು, ಬಹಳ ಮೆಲ್ಲಗೆ.

ಅಲ್ಲಿಗೆ ಸಭೆಯ ಮೇಲಿನ ಹಿಡಿತ ತಪ್ಪಿತು. ವ್ರತ ಸುಳ್ಳು ಎಂದರೆ ಅಲ್ಲಿ ಕೂತ ಅರ್ಧ ಓಣಿಯ ಪುಣ್ಯ ಗಂಗೆಯ ಪಾಲು, ನಿಜ ಎಂದರೆ ಹುಡುಗಿಯ ಸಂಬಂಧ ಮುರಿಯಿತು. ಮಾರೆಮ್ಮ ನಿಜ ಎಂದಳು, ಉಚ್ಚಮ್ಮ ಸುಳ್ಳು ಎಂದಳು. ಅಧಿಕಾರಿ ಒಂದು ದಾರಿ ಹುಡುಕಿದರು. ಈ ಹಣ್ಣಿನಲ್ಲಿ ಒಳಗೆ ಬಿಳಿಯದು, ಕೆಂಪಿನದು ಎಂದು ಎರಡು ಜಾತಿ. ಗೋಡೆಯ ಮೇಲೆ ಬಿಳಿ ಇದ್ದರೆ ಬಿಟ್ಟದ್ದು ಬಿಳಿಯದು, ಇದು ಕೆಂಪು, ತಿನ್ನಲು ಅಡ್ಡಿಯೇನು? ಉಚ್ಚೀರಪ್ಪನ ಮುಖ ಅರಳಿತು. ಹುಲುಗಮ್ಮ ಬಾಯಿ ತೆರೆಯುವ ತನಕ ಅರಳಿಯೇ ಇತ್ತು.

"ಯಾವ ಬಣ್ಣದ್ದು ಬಂದ್ರೂ ಬಿಟ್ಟೆ ಅಂತ ಘಾಟೆಲ್ಲಾ ಕೇಳಂಗ ಒದರ್ಯಾನ್ರಿ ಪುಣ್ಯಾತ್ಮ. ಔಷಧಕ್ಕ ಕೊಟ್ರೂ ತಿನ್ನಂಗಿಲ್ಲ ಅಂದಾನ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಳ್ಳು ಹೇಳಿ ಮಗಳನ್ನ ಕೊಡೋದು ಬ್ಯಾಡ."

ಹೊನ್ನೂರಪ್ಪ ಬುಟ್ಟಿಯನ್ನು ಎತ್ತಿಕೊಂಡ. ಅವನ ಕಡೆಯವರು ಚಪ್ಪಲಿ ಹುಡುಕತೊಡಗಿದರು. ಆಗ ಅಡುಗೆಮನೆಯ ಬಾಗಿಲಿಗೆ ನಾಗಜ್ಯೋತಿ ಬಂದು ನಿಂತಳು. ಮುಡಿದ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಗೋವಿಂದನ ಕಡೆ ಒಮ್ಮೆ ನೋಡಿ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಹೋಗ್ಲಿ ಬಿಡು. ದೇವರಿಗೆ ಮಾತು ಕೊಟ್ಟೀಯಂತ, ನನ್ನ ಸಲುವಾಗಿ ಅದನ್ನ ಮುರೀಬ್ಯಾಡ. ನಾ ಏನೂ ಅನ್ಕೊಳ್ಳಂಗಿಲ್ಲ."

ಉಚ್ಚೀರಪ್ಪ ಬಾಯಿಯ ಮೇಲಿನ ಕೈ ತೆಗೆದ. ತನ್ನ ಬಳಿ ಇಲ್ಲದ್ದನ್ನು ಬಿಟ್ಟುಕೊಟ್ಟು ಅವನು ಪುಣ್ಯವಂತನಾಗಿದ್ದ. ಅವನ ಮಗಳು ಜೀವಕ್ಕೆ ಬೇಕಾದದ್ದನ್ನೇ ಅವನಿಗಾಗಿ ಬಿಡಲು ಬಂದಿದ್ದಳು. ಅವನಿಗೆ ಅಳು ಬಂತು. ಅವನು ಸರಸರ ಒಳಕೋಣೆಗೆ ಹೋದ. ಮಂಚದ ಕೆಳಗೆ ಹುಲ್ಲಿನಲ್ಲಿ ಹಣ್ಣಾಗಲು ಇಟ್ಟಿದ್ದ ಬೇನಿಷಾದ ಬುಟ್ಟಿಯನ್ನು ಎತ್ತಿಕೊಂಡು ಬಂದು ಪಡಸಾಲೆಯ ನಡುವೆ ಇಟ್ಟ. ಮನೆಯೆಲ್ಲ ಘಮ್ಮೆಂದಿತು. ದೇವರ ಗೂಡಿನಲ್ಲಿದ್ದ ಗಂಗೆಯ ಗಿಂಡಿ ತಂದು ಹುಲುಗಮ್ಮನ ಕೈಗೆ ಕೊಟ್ಟು ಬೊಗಸೆ ಒಡ್ಡಿದ.

"ಹಾಕು."

ಹುಲುಗಮ್ಮ ನೀರು ಹಾಕಿದಳು.

"ತಾಯಿ ಗಂಗಮ್ಮ" ಎಂದ ಉಚ್ಚೀರಪ್ಪ. ಈ ಸಲ ಅವನು ಕೂಗಲಿಲ್ಲ. "ನಿನಗ ಮೋಸ ಮಾಡೀನಿ. ಆ ಹಣ್ಣು ನಾ ಕಂಡೂ ಇಲ್ಲ, ತಿಂದೂ ಇಲ್ಲ. ಊರ ಮುಂದ ತಿಂದೀನಿ ಅಂತ ಸುಳ್ಳು ಹೇಳೀನಿ. ಅದನ್ನ ವಾಪಸ್ ಇಸ್ಕೋತೀನವ್ವ. ಅದರ ಬದಲಿಗೆ..." ಬುಟ್ಟಿಯ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟು ಒಮ್ಮೆ ನೋಡಿದ. "ಅದರ ಬದಲಿಗೆ ಮಾವಿನಹಣ್ಣು ಬಿಟ್ಟೆ. ಬೇನಿಷಾನೂ ಬಿಟ್ಟೆ."

ನೀರು ನೆಲಕ್ಕೆ ಬಿತ್ತು. ಮಾರೆಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯ, ಮಾವಿನಕಾಯಿ ಉಪ್ಪಿನಕಾಯಿ ಇರಲೆಪ್ಪ" ಎಂದು ಉಚ್ಚಮ್ಮ ಗಾಬರಿಯಿಂದ ತಿದ್ದಿದಳು. ಮಲ್ಲಯ್ಯಸ್ವಾಮಿಗಳು "ಕಾಯಿಗೆ ದೋಷವಿಲ್ಲ" ಎಂದು ಕೂಡಲೇ ಅಪ್ಪಣೆ ಕೊಟ್ಟರು. ಆ ದಿನ ಅವರು ಧೈರ್ಯವಾಗಿ ಆಡಿದ ಮಾತು ಇದೊಂದೇ.

ಉಚ್ಚೀರಪ್ಪ ಹೊನ್ನೂರಪ್ಪನ ಎದುರಿಗೆ ಹೋಗಿ ಮಂಡಿಯೂರಿ ಕೂತು ಬಾಯಿ ತೆರೆದ.

ಹೊನ್ನೂರಪ್ಪ ಬುಟ್ಟಿ ಇಳಿಸಿದ. ಹೋಳು ಎತ್ತಿ ಬೀಗನ ಬಾಯಿಗಿಟ್ಟ. ಉಚ್ಚೀರಪ್ಪ ಅಗಿದ. ಸಿಹಿ ಎಲ್ಲಿದೆ ಎಂದು ನಾಲಗೆಯಿಂದ ಆ ದವಡೆಗೆ ತಳ್ಳಿದ, ಈ ದವಡೆಗೆ ತಳ್ಳಿದ. ಸಿಹಿ ಇರಲಿಲ್ಲ. ಹುಳಿಯೂ ಇರಲಿಲ್ಲ. ಸೌತೆಕಾಯಿಗೆ ಕೆಂಪು ಬಣ್ಣ ಹಾಕಿ, ಮೇಲೆ ಎಳ್ಳು ಉದುರಿಸಿದ ಹಾಗಿತ್ತು. ಇದಕ್ಕಾಗಿ ಬೇನಿಷಾ ಹೋಗಿತ್ತು!

"ಹೆಂಗೈತ್ರಿ?" ಎಂದು ಕೇಳಿದ ಹೊನ್ನೂರಪ್ಪ. ಶಾಲೆಯ ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗನ ದನಿ ಅದು.

ಈಗಷ್ಟೇ ಗಂಗೆಯ ಮುಂದೆ ಸುಳ್ಳು ಒಪ್ಪಿಕೊಂಡ ಬಾಯಿ. ಇನ್ನೂ ಅಂಗೈ ಆರಿರಲಿಲ್ಲ. ಉಚ್ಚೀರಪ್ಪ ನುಂಗಿದ, ತುಟಿ ಒರೆಸಿಕೊಂಡ. ತುಟಿ, ಮೀಸೆ, ಬೆರಳು ಎಲ್ಲ ಕೆಂಪಾಗಿತ್ತು.

"ನಿಜ ಹೇಳ್ತೀನ್ರಿ. ಮಾವಿನಹಣ್ಣಿನಂಗಿಲ್ಲ."

ಯಾರೋ ತುತ್ತು ನೆತ್ತಿಗೇರಿದವರಂತೆ ಕೆಮ್ಮಿದರು. ನಾಗಜ್ಯೋತಿ ಬಾಗಿಲ ಕಂಬ ಹಿಡಿದಳು.

"ಆದ್ರ ಇದು ನನ್ನ ಮಗಳ ಮನಿ ಹಣ್ಣು" ಎಂದ ಉಚ್ಚೀರಪ್ಪ. "ಇನ್ನೊಂದು ಹೋಳು ಕೊಡ್ರಿ."

ಹೊನ್ನೂರಪ್ಪ ಇನ್ನೊಂದು ಹೋಳಲ್ಲ, ಉಳಿದ ಅರ್ಧ ಹಣ್ಣನ್ನೇ ಎತ್ತಿ ಕೊಟ್ಟ. ತಾನೂ ಒಂದು ಹೋಳನ್ನು ಬೀಗನ ಕೈಯಿಂದ ಬಾಯಿಗೆ ಹಾಕಿಸಿಕೊಂಡ. ಇಬ್ಬರೂ ಎದುರುಬದುರು ಕೂತು, ಕೆಂಪು ಬಾಯಿ ಮಾಡಿಕೊಂಡು, ಕಣ್ಣಲ್ಲಿ ನೀರು ಹಾಕುತ್ತ ಅಗಿಯತೊಡಗಿದರು. ಅಧಿಕಾರಿ ಫೋಟೋ ಹೊಡೆಯುವುದನ್ನೇ ಮರೆತರು. ಸ್ವಲ್ಪ ಹೊತ್ತಾದ ಮೇಲೆ ಹೊನ್ನೂರಪ್ಪ ಯಾರಿಗೂ ಕೇಳಿಸದಂತೆ ಮುಂದಕ್ಕೆ ಬಾಗಿದ.

"ಬೀಗರ, ಗಿಡದಾಗಿಂದ ಒಂದು ಕದ್ದು ತಿಂದು ನೋಡೀನ್ರಿ. ಸಪ್ಪಗs ಐತಿ. ಉಪ್ಪುಖಾರ ಹಚ್ಚಿದ್ರ ನಡೀತೈತಿ."

"ಮೊದಲs ಹೇಳಬಾರದೇನ್ರಿ!" ಎಂದು ಉಚ್ಚೀರಪ್ಪ ಅಡುಗೆಮನೆಯ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದ. "ಜ್ಯೋತೀ, ನಿಮ್ಮ ಮಾವಾರಿಗೆ ಉಪ್ಪುಖಾರ ತಾರವ್ವ!"